ತಿದ್ದು

ಸರಿಪಡಿಸು, ಓರೆಕೋರೆ ನೀಗಿಸು ಎಂಬ ಅರ್ಥದ 'ತಿದ್ದು' ಅಚ್ಚ ದ್ರಾವಿಡ ಧಾತುವಾಗಿದ್ದು, ಹಳಗನ್ನಡದ 'ತಿರ್ದು' ರೂಪದ ರಕಾರ ಮುಂದಿನ ದಕಾರದಲ್ಲಿ ಲೀನವಾಗಿ ಈ ದ್ವಿತ್ವ ಬಂದಿದೆ. ತಮಿಳಿನ 'ತಿರುತ್ತು', ತೆಲುಗಿನ 'ದಿದ್ದು' ಇದರ ಸೋದರ ಪದಗಳು. ಗುರು ಬರೆದ ಅಕ್ಷರದ ಮೇಲೆ ಮಗು ಮತ್ತೆ ಮತ್ತೆ ಬೆರಳಾಡಿಸುವುದೂ ಅಕ್ಷರ ತಿದ್ದುವುದೇ ಆದ್ದರಿಂದ, ಈ ಪದದಲ್ಲಿ ತಪ್ಪು ಹುಡುಕುವುದಕ್ಕಿಂತ ಕೈಹಿಡಿದು ರೂಢಿ ಮಾಡಿಸುವ ಭಾವವೇ ಮುಂದಾಗಿದೆ.

ಕನ್ನಡದಲ್ಲಿ ಬೈಬಲ್ ಓದುವವರಿಗೆ ಈ ಭಾವದ ಮುಖ್ಯ ನೆಲೆ ಗಲಾತ್ಯದವರಿಗೆ ಪೌಲನು ಬರೆದ ಪತ್ರದ 6ನೆಯ ಅಧ್ಯಾಯದ ಮೊದಲ ವಚನ. ದೋಷದಲ್ಲಿ ಸಿಕ್ಕಿಬಿದ್ದವನನ್ನು ಸೌಮ್ಯಭಾವದಿಂದ ಸರಿಪಡಿಸಬೇಕೆಂದೂ ಸರಿಪಡಿಸುವವನು ತಾನೇ ಶೋಧನೆಗೆ, ಅಂದರೆ ಪಾಪದ ಸೆಳೆತಕ್ಕೆ, ಒಳಗಾಗದಂತೆ ನೋಡಿಕೊಳ್ಳಬೇಕೆಂದೂ ಅಲ್ಲಿ ಹೇಳಿದೆ. ಮೂಲ ಗ್ರೀಕಿನಲ್ಲಿರುವ 'ಕತರ್ತಿಜೋ' ಎಂಬ ಕ್ರಿಯಾಪದವನ್ನೇ ಮತ್ತಾಯನ ಸುವಾರ್ತೆಯು ಜೆಬೆದಾಯನ ಮಕ್ಕಳಾದ ಯಾಕೋಬ, ಯೋಹಾನರು ಹರಿದ ಬಲೆ ಸರಿಮಾಡುತ್ತಿದ್ದುದಕ್ಕೆ ಬಳಸುತ್ತದೆ. ಹರಿದ ಬಲೆಯನ್ನು ಯಾರೂ ದಂಡಿಸುವುದಿಲ್ಲವಷ್ಟೆ.

'ಗದರಿಸು', 'ಖಂಡಿಸು' ಎಂಬ ಪದಗಳೂ ಧರ್ಮಬೋಧೆಯಲ್ಲಿ ಉಂಟು, ಆದರೆ ಅವು ತಪ್ಪನ್ನು ಬಯಲಿಗೆಳೆದು ನಿಲ್ಲಬಲ್ಲವು. 'ತಿದ್ದು' ಎಂಬುದಕ್ಕೆ ತಪ್ಪಿದವನು ನೆಟ್ಟಗಾಗುವವರೆಗೂ ಬಿಡುವಿಲ್ಲ. ತಿದ್ದುವ ಕ್ರಮವನ್ನು ಮತ್ತಾಯನ 18ನೆಯ ಅಧ್ಯಾಯ ಗೊತ್ತುಪಡಿಸಿದ್ದು, ಮೊದಲು ಇಬ್ಬರೇ ಇರುವಾಗ ಮಾತು, ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳ ಮುಂದೆ, ಅದಕ್ಕೂ ಒಪ್ಪದಿದ್ದರೆ ಮಾತ್ರ ಸಭೆಗೆ, ಎಂದರೆ ವಿಶ್ವಾಸಿಗಳ ಸಮುದಾಯಕ್ಕೆ, ತಿಳಿಸತಕ್ಕದ್ದು.