ರಕ್ತದ ಹೆಪ್ಪಿಗೆ ಹೆಸರಿಟ್ಟ ಕಥೆ

ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದೆ. ಗಾಯದಿಂದ ಒಸರಿದ ರಕ್ತ ಗಟ್ಟಿಯಾದರೆ ಅದನ್ನೂ ‘ಹೆಪ್ಪುಗಟ್ಟಿತು’ ಎನ್ನುತ್ತೇವೆ. ಪ್ರಾಚೀನ ಗ್ರೀಕರೂ ಹೀಗೆಯೇ ಮಾಡಿದ್ದರು. ಅವರ ‘ಥ್ರಾಂಬೋಸ್’ ಎಂಬ ಪದಕ್ಕೆ ಗಟ್ಟಿಯಾದ ಉಂಡೆ ಎಂದರ್ಥ. ಅದು ರಕ್ತದ್ದಾಗಬಹುದು, ಹಾಲಿನದೂ ಆಗಬಹುದು. ಆದರೆ ಈ ಹೋಲಿಕೆ ಕಣ್ಣಿಗೆ ಮಾತ್ರ. ಹಾಲನ್ನು ಮೊಸರಾಗಿಸುವುದು ಬ್ಯಾಕ್ಟೀರಿಯಗಳು ಉತ್ಪಾದಿಸುವ ಲ್ಯಾಕ್ಟಿಕ್ ಆಮ್ಲ. ರಕ್ತದಲ್ಲಾದರೋ ಫೈಬ್ರಿನೊಜೆನ್ ಎಂಬ ಕರಗಿದ ಪ್ರೋಟೀನು ಫೈಬ್ರಿನ್ ಎಳೆಗಳಾಗಿ ಬಲೆ ಹೆಣೆಯುತ್ತದೆ.

ಗಾಯದ ಮೇಲಿನ ಹೆಪ್ಪು ಜೀವ ಉಳಿಸುತ್ತದೆ. ರಕ್ತನಾಳದೊಳಗಿನ ಹೆಪ್ಪು ಜೀವ ತೆಗೆಯಬಲ್ಲದು. ಎರಡಕ್ಕೂ ಒಂದೇ ಹೆಸರಿದ್ದರೆ ಗೊಂದಲವಾಗದೆ? ವೈದ್ಯರಿಗೂ ಆಗಿತ್ತು.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಮರಣೋತ್ತರ ಪರೀಕ್ಷೆ ನಡೆಸುತ್ತಿದ್ದವರಿಗೆ ಶ್ವಾಸಕೋಶದ ಅಪಧಮನಿಗಳಲ್ಲಿ ರಕ್ತದ ಹೆಪ್ಪುಗಳು ಕಾಣುತ್ತಿದ್ದವು. ಅವು ಅಲ್ಲಿಗೆ ಬಂದದ್ದು ಹೇಗೆ? ಅಲ್ಲಿಯೇ ಹುಟ್ಟಿದವೆಂದು ಅನೇಕರು ನಂಬಿದ್ದರು. ಪ್ಯಾರಿಸಿನ ಪ್ರಸಿದ್ಧ ರೋಗವಿಜ್ಞಾನಿ ಝಾನ್ ಕ್ರೂವೇಯೆ ಅವರ ಪ್ರಕಾರ ರಕ್ತನಾಳದ ಉರಿಯೂತವೇ ಹೆಪ್ಪಿಗೆ ಮೂಲ.

ಬರ್ಲಿನ್‌ನ ಶಾರಿಟೆ ಆಸ್ಪತ್ರೆಯಲ್ಲಿದ್ದ ರುಡಾಲ್ಫ್ ವಿರ್ಕೊ (1821–1902) ಇದನ್ನು ಪರೀಕ್ಷಿಸಲು ಹೊರಟಾಗ ಇನ್ನೂ ಇಪ್ಪತ್ತೈದರ ಆಸುಪಾಸಿನ ತರುಣ. ಶ್ವಾಸಕೋಶದಲ್ಲಿ ಹೆಪ್ಪು ಕಂಡಾಗ ಆತ ದೇಹದ ಇತರ ಅಭಿಧಮನಿಗಳನ್ನೂ ಹುಡುಕಿದ. ಅನೇಕ ವೇಳೆ ಅಲ್ಲಿಯೂ ಹೆಪ್ಪು ಸಿಕ್ಕಿತು. ಹಾಗಾದರೆ ಅದರ ತುಣುಕೇ ಕಳಚಿ ರಕ್ತದೊಡನೆ ಪ್ರಯಾಣ ಮಾಡಿರಬಹುದೆ? ಆತ ನಾಯಿಗಳ ಕುತ್ತಿಗೆಯ ಅಭಿಧಮನಿಯೊಳಗೆ ರಬ್ಬರ್ ಮೊದಲಾದ ವಸ್ತುಗಳ ಚೂರುಗಳನ್ನು ಸೇರಿಸಿದ. ನಂತರ ನೋಡಿದಾಗ ಆ ಚೂರುಗಳು ಶ್ವಾಸಕೋಶದ ಅಪಧಮನಿಯಲ್ಲಿದ್ದವು!

ರಕ್ತಪರಿಚಲನೆಯ ಚಿತ್ರವನ್ನು ನೆನಪಿಸಿಕೊಳ್ಳಿ. ಅಭಿಧಮನಿಗಳ ರಕ್ತ ಹೃದಯದ ಬಲಭಾಗಕ್ಕೆ ಬರುತ್ತದೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ದಾರಿಯುದ್ದಕ್ಕೂ ನಾಳಗಳು ಅಗಲವಾಗುತ್ತಾ ಬಂದು, ಮತ್ತೆ ಕಿರಿದಾಗುವುದು ಶ್ವಾಸಕೋಶದಲ್ಲಿ. ಆದ್ದರಿಂದಲೇ ಕಾಲಿನ ಹೆಪ್ಪು ಸಿಕ್ಕಿಕೊಳ್ಳುವುದು ಅಲ್ಲಿ. ಮೆದುಳಿಗೆ ತಲುಪುವ ಹೆಪ್ಪು ಸಾಮಾನ್ಯವಾಗಿ ಹೃದಯದ ಎಡಭಾಗದಿಂದಲೋ ಕುತ್ತಿಗೆಯ ಅಪಧಮನಿಗಳಿಂದಲೋ ಹೊರಟಿರುತ್ತದೆ.

ಎರಡು ಬೇರೆ ಘಟನೆಗಳಿಗೆ ಎರಡು ಹೆಸರು ಬೇಕಾದವು. ಜೀವಂತ ದೇಹದ ರಕ್ತನಾಳದಲ್ಲಿ ಹುಟ್ಟಿ ಅಲ್ಲೇ ಕುಳಿತದ್ದು ‘ಥ್ರಾಂಬಸ್’. ಅದು ಉಂಟಾಗುವ ಕ್ರಿಯೆ ‘ಥ್ರಾಂಬೋಸಿಸ್’. ಕಳಚಿ ಹೊರಟು ಬೇರೆಡೆ ಬೆಣೆಯಂತೆ ಸಿಕ್ಕಿಕೊಂಡದ್ದು ‘ಎಂಬೋಲಸ್’. ಆ ಘಟನೆ ‘ಎಂಬಾಲಿಸಮ್’. ಇದರ ಗ್ರೀಕ್ ಮೂಲಕ್ಕೆ ಬೆಣೆ, ಬಿರಡೆ ಎಂಬ ಅರ್ಥವಿದೆ. ಕೊಬ್ಬಿನ ಹನಿ, ಗಾಳಿಗುಳ್ಳೆಗಳೂ ಹೀಗೆ ಸಿಕ್ಕಿಕೊಳ್ಳಬಹುದು. ಆದ್ದರಿಂದ ಎಂಬೋಲಸ್‌ಗಳೆಲ್ಲ ರಕ್ತದ ಹೆಪ್ಪುಗಳಲ್ಲ. ಹಾಗೆಯೇ ಗಾಯದ ಮೇಲೆ, ಪರೀಕ್ಷಾನಾಳದಲ್ಲಿ ಅಥವಾ ಮರಣಾನಂತರ ನಿಂತ ರಕ್ತದಲ್ಲಿ ಉಂಟಾಗುವ ಹೆಪ್ಪು ಥ್ರಾಂಬಸ್ ಅಲ್ಲ. ವಿರ್ಕೊನ ಈ ಬರೆಹಗಳು 1856ರಲ್ಲಿ ಪ್ರಕಟವಾದ ಸಂಗ್ರಹದಲ್ಲಿವೆ.

ರಕ್ತದ ಹರಿವು ನಿಧಾನವಾಗುವುದು, ನಾಳದ ಒಳಪದರಕ್ಕೆ ಹಾನಿ, ರಕ್ತದ ಗುಣದಲ್ಲಿ ಬದಲಾವಣೆ – ಥ್ರಾಂಬೋಸಿಸ್‌ನ ಈ ಮೂರು ಕಾರಣಗಳನ್ನು ಇಂದು ‘ವಿರ್ಕೊ ತ್ರಯ’ ಎನ್ನುತ್ತಾರೆ. ಆದರೆ ಆ ಹೆಸರು ಬಂದದ್ದು ಆತನ ಕಾಲಾನಂತರ.

ಹೆಸರಿನ ಗೊಂದಲ ಇಂದಿಗೂ ಮುಗಿದಿಲ್ಲ. ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದು, 1954ರಲ್ಲಿ ಮನುಷ್ಯರಿಗೆ ಔಷಧವಾಯಿತು. ಇಂಥವನ್ನು ನಾವು ‘ರಕ್ತ ತೆಳುಮಾಡುವ ಮಾತ್ರೆ’ ಎನ್ನುತ್ತೇವೆ. ಅವು ರಕ್ತವನ್ನು ನೀರಾಗಿಸುವುದಿಲ್ಲ, ಇರುವ ಹೆಪ್ಪನ್ನು ಕರಗಿಸುವುದೂ ಇಲ್ಲ. ಹೆಪ್ಪು ಬೆಳೆಯದಂತೆ, ಹೊಸದು ಹುಟ್ಟದಂತೆ ತಡೆಯುತ್ತವೆ; ಕರಗಿಸುವ ಕೆಲಸವನ್ನು ದೇಹವೇ ನಿಧಾನವಾಗಿ ಮಾಡುತ್ತದೆ. ‘ರಕ್ತ ತೆಳುವಾಯಿತು’ ಎಂದು ಮಾತ್ರೆಯನ್ನು ತಾನೇ ನಿಲ್ಲಿಸಿದ ರೋಗಿಗೆ ಅಪಾಯ ಕಾದಿರುತ್ತದೆ.

ಶಸ್ತ್ರಚಿಕಿತ್ಸೆಯ ನಂತರ ಬಹುಕಾಲ ಮಲಗಿದ್ದವರ ಒಂದು ಕಾಲು ಊದಿಕೊಂಡು ನೋಯತೊಡಗಿದರೆ ನೀವೇನು ಮಾಡುತ್ತೀರಿ? ಎಣ್ಣೆ ಹಚ್ಚಿ ತಿಕ್ಕುತ್ತೀರಾ? ಬೇಡ, ಒಳಗಿರುವುದು ಥ್ರಾಂಬಸ್ ಆಗಿದ್ದರೆ, ತಿಕ್ಕಿದಾಗ ಅದು ಎಂಬೋಲಸ್ ಆಗಿ ಹೊರಡಬಹುದು. ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಅದು ತುರ್ತುಸ್ಥಿತಿಯೆಂದೇ ತಿಳಿಯಿರಿ. ತರಗತಿಯಲ್ಲಿ ಈ ಎರಡು ಪದಗಳ ಅರ್ಥವನ್ನು ಬಿಡಿಸಿ ಹೇಳಿದರೆ, ಈ ಎಚ್ಚರಿಕೆಗೆ ಕಾರಣವೂ ವಿದ್ಯಾರ್ಥಿಗಳಿಗೆ ತಿಳಿಯುತ್ತದೆ.