ಎಸ್‌ಕ್ಯುಎಲ್ ಇಂಜೆಕ್ಷನ್ ತಡೆ: ಪ್ಯಾರಾಮೀಟರ್ ಒಪ್ಪದ ಆದೇಶಗಳಲ್ಲಿ
ಹೊರಗಿನಿಂದ ಬಂದ ಪಠ್ಯವನ್ನು ಪ್ಯಾರಾಮೀಟರ್ ರೂಪದಲ್ಲಿ ಬೇರೆಯಾಗಿ ಕಳುಹಿಸಲಾಗದ ಡೇಟಾಬೇಸ್ ಆದೇಶಗಳಲ್ಲಿ, ಆ ಪಠ್ಯವೇ ಆದೇಶವಾಗಿ ಓಡದಂತೆ ಕಾಯುವ ಭದ್ರತಾ ಕ್ರಮ. ಎಸ್‌ಕ್ಯುಎಲ್ ಇಂಜೆಕ್ಷನ್ ದಾಳಿಯ ಆರಂಭಿಕ ವಿವರಣೆ 1998ರ ಡಿಸೆಂಬರ್‌ನಲ್ಲಿ ‘ಫ್ರಾಕ್’ ಪತ್ರಿಕೆಯ 54ನೇ ಸಂಚಿಕೆಯಲ್ಲಿ ಪ್ರಕಟವಾಯಿತು.

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್, ಡಿಲೀಟ್‌ಗಳು ಪ್ಯಾರಾಮೀಟರ್ ಒಪ್ಪುತ್ತವೆ. ಕ್ರಿಯೇಟ್ ರೋಲ್, ಡ್ರಾಪ್ ಟೇಬಲ್‌ನಂಥವು ಒಪ್ಪುವುದಿಲ್ಲ. ಅಲ್ಲಿ ಆದೇಶವನ್ನು ಅಕ್ಷರ ಜೋಡಿಸಿಯೇ ಕಟ್ಟಬೇಕು. ತೊಂದರೆಗೆ ದಾಳಿಕೋರನೇ ಬೇಕೆಂದಿಲ್ಲ: ಉಡುಪಿ, ಕಾಪು, ಕಾರ್ಕಳದ ಕಡೆ ಸಾಮಾನ್ಯವಾದ ಡಿ'ಸೋಜ ಉಪನಾಮದ ನಡುವಿನ ಒಂಟಿ ಉದ್ಧರಣ ಚಿಹ್ನೆ ಸಾಕು. ಪಠ್ಯ ಅಲ್ಲಿಗೇ ಮುಗಿಯಿತೆಂದು ಬಗೆವ ಡೇಟಾಬೇಸ್ ಉಳಿದದ್ದನ್ನು ಆದೇಶವೆಂದು ಓದುತ್ತದೆ.

ಅನುಮತಿಸಿದ ಹೆಸರುಗಳ ಪಟ್ಟಿಯೊಂದಿಗೆ ಹೋಲಿಸುವುದು ಎಲ್ಲಕ್ಕಿಂತ ಗಟ್ಟಿ ಉಪಾಯ. ಪಟ್ಟಿ ಸಾಧ್ಯವಿಲ್ಲದಿದ್ದರೆ ಡೇಟಾಬೇಸಿನದೇ ಉದ್ಧರಣ ಫಂಕ್ಷನ್ ಬಳಸಬೇಕು. ಕೈಯಾರೆ ಚಿಹ್ನೆ ತಿದ್ದುವುದು ಅಪಾಯಕರ. ಪೋಸ್ಟ್‌ಗ್ರೆಸ್‌ನ ಫಾರ್ಮ್ಯಾಟ್ ಫಂಕ್ಷನ್‌ನಲ್ಲಿ %ಐ ಹೆಸರುಗಳಿಗೆ, %ಎಲ್ ಮೌಲ್ಯಗಳಿಗೆ. ಅದಲುಬದಲಾದರೆ ಆದೇಶವೇ ಕೆಡುತ್ತದೆ. ಎಸ್‌ಕ್ಯುಎಲ್ ಸರ್ವರ್‌ನ ಇಂಥದೇ ಫಂಕ್ಷನ್ ಕೋಟ್‌ನೇಮ್, ಕೊಟ್ಟ ಪಠ್ಯ 128 ಅಕ್ಷರ ಮೀರಿದರೆ ‘ನಲ್’ ಮರಳಿಸುತ್ತದೆ.

ಉದ್ದವೂ ಲೆಕ್ಕಕ್ಕೆ ಬರುತ್ತದೆ. ಪೋಸ್ಟ್‌ಗ್ರೆಸ್ ಹೆಸರುಗಳ ಮಿತಿ 63 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕಾದ್ದರಿಂದ ‘ಮಟ್ಟು’ ಎಂಬ ಪದವೊಂದೇ 15 ಬೈಟ್ ನುಂಗುತ್ತದೆ. ಮಿತಿ ಮೀರಿದ ಭಾಗ ಕತ್ತರಿಸಿಹೋಗಿ ಎರಡು ಹೆಸರುಗಳು ಒಂದಾಗಬಹುದು.

ಉದ್ಧರಣ ಫಂಕ್ಷನ್‌ಗಳೂ ದೋಷಮುಕ್ತವಲ್ಲ. ಅಮಾನ್ಯ ಯುಟಿಎಫ್-8 ಬೈಟ್‌ಗಳ ಮೂಲಕ ಪೋಸ್ಟ್‌ಗ್ರೆಸ್‌ನ ಇಂಥ ಫಂಕ್ಷನ್‌ಗಳನ್ನು ವಂಚಿಸಬಹುದಾಗಿದ್ದ ದೋಷಕ್ಕೆ (ಸಿವಿಇ-2025-1094) 2025ರ ಫೆಬ್ರವರಿಯಲ್ಲಿ ಪರಿಹಾರ ಬಿಡುಗಡೆಯಾಯಿತು.