ತಟ್ಟೆಗೆ ಸಿಗದ ವಿಳಂಬ

ನಮ್ಮ ಸುರಪುರ–ಶಹಾಪುರದ ಕಡೆ ಏಕತಾರಿಯ ತತ್ವಪದ ಕೇಳಿ ಬೆಳೆದವರಿಗೆ ಕಿರಾಣಾ ಘರಾಣೆಯ ನಿಧಾನ ತೀರ ಹೊಸದೆನಿಸದು. ತಬಲಾ 12 ಮಾತ್ರೆಯ ವಿಳಂಬಿತ ಏಕತಾಲವನ್ನು ಮೆಲ್ಲನೆ ಹಿಡಿದಿರಲು, ಗಾಯಕ ಒಂದೊಂದೇ ಸ್ವರವನ್ನು ಬಿಡಿಸುತ್ತಾನೆ. ಚೀಜಿನ ಎರಡು ಸಾಲು ಬಿಟ್ಟರೆ ಮಿಕ್ಕುದೆಲ್ಲ ಆಗಿಂದಾಗ ಹುಟ್ಟುವುದು. ಸಾರಂಗಿಯವನು ಮುಂದೇನೆಂದರಿಯದೆಯೇ ಹಿಂಬಾಲಿಸಬೇಕು.

ಅಬ್ದುಲ್ ಕರೀಂ ಖಾನರಿಂದ (1872–1937) ಇದನ್ನು ಕಲಿತು ಕನ್ನಡನಾಡಿನಲ್ಲಿ ಬೇರೂರಿಸಿದವರು ಕುಂದಗೋಳದ ಸವಾಯಿ ಗಂಧರ್ವರು (1886–1952). ಖಾನರ ಕಾಲದ ಗ್ರಾಮೋಫೋನ್ ತಟ್ಟೆಯ ಒಂದು ಮಗ್ಗುಲು ಹಿಡಿಯುತ್ತಿದ್ದುದಾದರೋ 3–4 ನಿಮಿಷ! ಅರ್ಧ ಗಂಟೆ ಹರಡುವ ಆಲಾಪ ಅಲ್ಲಿ ಹೇಗೆ ಕೂತೀತು? ಆ ತಟ್ಟೆಗಳಿಂದಲೇ ಖಾನರ ವಿಳಂಬವನ್ನು ಅಳೆಯಹೊರಡುವುದು ಅನ್ಯಾಯವೆಂದೇ ನನ್ನ ಮತ. ಗಂಧರ್ವರ ಶಿಷ್ಯರಾದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ಕಂಠದಲ್ಲಿ ಅದು ಉಳಿದು, ದೀರ್ಘ ತಟ್ಟೆಗಳು ಬಂದ ಮೇಲಷ್ಟೇ ಮುದ್ರಣಕ್ಕೆ ಸಿಕ್ಕಿತು.